ಆಟಿ ತಿಂಗಳ ಬಾಟಲಿ

ಬೆಳ್ಮಣ್
೧೮–೫–೧೯೮೩

ಚಿ. ವಿನೋದಾಳಿಗೆ ತಮ್ಮಲೆಯ ಆಶೀರ್ವಾದಗಳು.

ನಾನು ಇಲ್ಲಿ ಸೌಖ್ಯ. ಸುರಂಗದೊಳಗಿನವರೂ ಸೌಖ್ಯ, ಎಲ್ಲರೂ ಮಲಗಿಯೇ ಇದ್ದಾರೆ. ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು, ಉತ್ತರ ಬರೆಯಲಿಲ್ಲವೆಂದು ಬೈಯಬೇಡ. ತಡಕ್ಕೆ ಕಾರಣ ಸೋಮಾರಿತನವಲ್ಲ, ಗೆದ್ದಲು. ಸುರಂಗದಲ್ಲಿ ಮಲಗಿಸಿದ ವೈನ್ ಬಾಟಲಿಗಳಿಗೆ ಅಂಟಿಸಿದ ಚೀಟಿಗಳನ್ನು ಒಂದೊಂದಾಗಿ ತಿಂದು ಮುಗಿಸುತ್ತಾ ಇವೆ. ಫ್ರಾನ್ಸಿನ ಕಾಗದ ಬೆಳ್ಮಣ್ಣಿನ ಗೆದ್ದಲಿಗೆ ಅಷ್ಟು ರುಚಿಸಿದೆ. ಕೊನೆಗೆ ಪ್ರತಿಯೊಂದರ ತಳಕ್ಕೂ ಗೇರೆಣ್ಣೆಯಲ್ಲಿ ಗುರುತು ಹಾಕಿದೆ. ಅದನ್ನು ಗೆದ್ದಲಿನ ಅಪ್ಪನೂ ಮುಟ್ಟುವುದಿಲ್ಲ. ಚೀಟಿ ಹೋದರೂ ನನಗೇನು? ಮೂಗು ಉಂಟಲ್ಲ. ಚೀಟಿ ಓದಿ ಕುಡಿಯುವವರು ಬೇರೆ, ಮೂಸಿ ಊರು ಹೇಳುವವರು ಬೇರೆ.

ನಿನ್ನ ಅಮ್ಮ ಗುಣವತಿ ಮೊನ್ನೆ ಕಾರ್ಕಳದಿಂದ ಬಂದು ವಿಷಯ ಹೇಳಿದಳು. ಹುಡುಗ ದೇವದಾಸ, ಮಣಿಪಾಲದ ಕಾಲೇಜಿನಲ್ಲಿ ಪಾಠ ಹೇಳುವವ, ಮನೆ ಕಾಪುವಿನಲ್ಲಿ, ನಿನ್ನ ಬ್ಯಾಂಕಿಗೆ ಚೆಕ್ಕು ಕೊಡಲು ಬಂದು ಬಂದು ನಿನ್ನನ್ನೇ ಕೇಳಿದನಂತೆ. ಒಳ್ಳೆಯದಾಯಿತು. "ಅಣ್ಣಾ, ಧಾರೆ ಎರೆಯಲು ನೀನು ತಯಾರಿರಬೇಕು" ಎಂದಳು ಗುಣವತಿ. ತಯಾರೇನು ಬಂತು! ನಿನ್ನ ಅಪ್ಪ ಇಲ್ಲ, ಆ ಪುಣ್ಯಾತ್ಮ ಇದ್ದಿದ್ದರೂ ನಮ್ಮವರಲ್ಲಿ ತಮ್ಮಲೆಯ ಕೈ ಸೋಕದೆ ಧಾರೆಯ ನೀರು ಕೆಳಗೆ ಇಳಿಯುತ್ತದಾ? ಕನ್ನಡದಲ್ಲಿ ಮಾವ ಎಂದರೆ ಯಾವ ಮಾವ ಎಂದು ಕೇಳಬೇಕು. ನಾಳೆ ಗಂಡನ ಅಪ್ಪನೂ ನಿನಗೆ ಮಾವನೇ. ತುಳುವಿನಲ್ಲಿ ಹಾಗಲ್ಲ. ತಾಯಿಯ ಅಣ್ಣ ತಮ್ಮಲೆ, ಅವನೊಬ್ಬನೇ. ನೀನು ಮಾತು ಕಲಿತಾಗ "ತಮ್ಮೆ" ಎನ್ನುತ್ತಿದ್ದೆ, "ಲೆ" ಬರಲು ಇನ್ನೊಂದು ವರ್ಷ ಬೇಕಾಯಿತು.

ಈಗ ಅಸಲು ಸಂಗತಿಗೆ ಬರುತ್ತೇನೆ. ಅರವತ್ತೊಂದರ ಬಾಟಲಿ. ನಿನಗೆ ಕತೆ ಗೊತ್ತುಂಟು, ಆದರೂ ಇನ್ನೊಮ್ಮೆ ಕೇಳು. ನಾನು ಐದನೇ ಕ್ಲಾಸು ಬಿಟ್ಟು ಬೊಂಬಾಯಿಗೆ ಹೋಗಿ, ಪ್ರಯಾಣಿಕರ ಹಡಗಿನಲ್ಲಿ ಗ್ಲಾಸು ತೊಳೆಯುವ ಕೆಲಸಕ್ಕೆ ಸೇರಿದವ. ತೊಳೆಯುವ ಮೊದಲು ಒಂದೊಂದು ಗ್ಲಾಸನ್ನೂ ಮೂಸುತ್ತಿದ್ದೆ. ಗೋವಾದ ರೊಸಾರಿಯೊ ಎಂಬ ಮುದುಕ ಅಲ್ಲಿ ವೈನ್ ಬಡಿಸುವವರ ಮುಖ್ಯಸ್ಥ. ಒಂದು ದಿನ ಹಿಂದಿನಿಂದ ಬಂದು, "ಏನು ನಾಯಿಯ ಹಾಗೆ ಮೂಸುತ್ತೀ? ಹೇಳು ನೋಡುವಾ, ಇದು ಯಾವುದು?" ಎಂದ. "ಮೊನ್ನೆ ಕಪ್ತಾನರ ಮೇಜಿಗೆ ಹೋದದ್ದೇ ಇದು" ಎಂದೆ. ಸರಿಯಾಗಿತ್ತು! ಮರುದಿನದಿಂದ ನನ್ನ ಕೈಯಲ್ಲಿ ತೊಳೆಯುವ ಗ್ಲಾಸು ಇಲ್ಲ, ಬಡಿಸುವ ಬಾಟಲಿ. ಆಮೇಲೆ ಯಾವ ಬಂದರಿನಲ್ಲಿ ಹಡಗು ನಿಂತರೂ ಉಳಿದವರು ಅಂಗಿ, ಗಡಿಯಾರ, ರೇಡಿಯೋ ಕೊಳ್ಳಲು ಓಡಿದರೆ ನಾನೂ ರೊಸಾರಿಯೊನೂ ನೆಲಮಾಳಿಗೆಯ ವೈನ್ ಅಂಗಡಿಗಳಿಗೆ.

ಮಾರ್ಸೇಯ್‌ನ ಒಂದು ಅಂಗಡಿಯಲ್ಲಿ ಈ ಬಾಟಲಿ ಸಿಕ್ಕಿತು. ಬೋರ್ಡೋ ಕಡೆಯ ಕೆಂಪು ವೈನ್. ಅಂಗಡಿಯವ ಅದನ್ನು ಎರಡೂ ಕೈಯಲ್ಲಿ ಹಿಡಿದು ತಂದ, ಹೆರಿಗೆಯ ಮನೆಯಿಂದ ಮಗು ತಂದ ಹಾಗೆ. "ಅರವತ್ತೊಂದರ ಬೆಳೆ, ಇಂಥ ವರ್ಷ ಮತ್ತೆ ಯಾವಾಗ ಬರುತ್ತದೋ" ಎಂದನಂತೆ, ರೊಸಾರಿಯೊ ನನಗೆ ತಿಳಿಸಿ ಹೇಳಿದ. "ನನ್ನ ಸೊಸೆಯೂ ಅದೇ ವರ್ಷದ ಬೆಳೆ" ಎಂದೆ ನಾನು. ಅಂಗಡಿಯವ ನಕ್ಕು ಬಿಟ್ಟ. ರೊಸಾರಿಯೊ ನಗಲಿಲ್ಲ. "ಹಾಗಾದರೆ ಇದನ್ನು ಈಗ ಮುಟ್ಟಬೇಡ. ಇದು ದೊಡ್ಡದಾಗಬೇಕು, ಅವಳೂ ದೊಡ್ಡವಳಾಗಬೇಕು. ಮದುವೆಯ ದಿನ ತೆಗೆ" ಎಂದ. ನಮ್ಮ ತಾಳೆಮರದ ಕಳ್ಳಿಗೆ ಬೆಳಿಗ್ಗೆ ಹುಟ್ಟು, ಸಂಜೆ ಹುಳಿ. ಮನುಷ್ಯರ ಮಾತಿನ ಹಾಗೆ. ಇಡೀ ಪ್ರಾಯವನ್ನೇ ಕಾದು ಕುಳಿತು ಒಳ್ಳೆಯದಾಗುವ ಪಾನೀಯವೂ ಲೋಕದಲ್ಲಿ ಉಂಟು ಎಂದು ನಾನು ಅವತ್ತೇ ನಂಬಿದ್ದು.

ಅದು ಸುರಂಗದ ಕೊನೆಯಲ್ಲಿದೆ. ನನ್ನ ಅಪ್ಪ ನೀರಿಗೆಂದು ಗುಡ್ಡಕ್ಕೆ ಅಡ್ಡಲಾಗಿ ಕೊರೆಸಿದ ಸುರಂಗ, ನೀರಿನ ಬದಲು ಊರಿನವರ ನಗೆ ಬಂತು. ಈಗ ನೋಡು, ಹೊರಗೆ ಮೇ ತಿಂಗಳ ಸೆಕೆಗೆ ಕಾಗೆ ಬಾಯಿ ತೆರೆದು ಕೂತಿದೆ, ಮುರಕಲ್ಲಿನ ಒಳಗೆ ಮಾರ್ಗಶಿರದ ತಂಪು. ಕತ್ತಲು, ತಂಪು, ಅಲುಗಾಟ ಇಲ್ಲ. ವೈನಿಗೆ ಬೇಕಾದದ್ದು ಅಷ್ಟೇ. ಫ್ರಾನ್ಸಿನ ದೊರೆಗಳಿಗೂ ಇಂಥ ಜಾಗ ಸುಲಭಕ್ಕೆ ಸಿಕ್ಕಿರಲಿಕ್ಕಿಲ್ಲ.

ನೆರೆಮನೆಯ ಬ್ಯಾಪ್ಟಿಸ್ಟ್ ಮೊದಲ ಸಲ ಒಳಗೆ ಬಂದಾಗ ಕೇಳಿದ್ದು ಎಂತ ಗೊತ್ತುಂಟಾ? "ಭೋಜಣ್ಣಾ, ಎಲ್ಲವನ್ನೂ ಮಲಗಿಸಿದ್ದೀರಲ್ಲ, ಜ್ವರವಾ?" ಮಲಗಿದರೆ ಬಿರಡೆ ಒಳಗಿನಿಂದ ಒದ್ದೆಯಾಗಿರುತ್ತದೆ ಮಾರಾಯ, ನಿಲ್ಲಿಸಿದರೆ ಒಣಗಿ ಗಾಳಿ ನುಗ್ಗುತ್ತದೆ, ವೈನ್ ಸತ್ತು ವಿನೆಗರ್ ಆಗುತ್ತದೆ ಎಂದು ಪಾಠ ಮಾಡಿದೆ. "ಇದು ಬೋರ್ಡೋ" ಎಂದು ತೋರಿಸಿದರೆ, "ಅಡಿಕೆಗೆ ಬಿಡುವುದಾ?" ಎಂದ! ಮೈಲುತುತ್ತು, ಸುಣ್ಣ ಕಲಸಿ ಕೊಳೆರೋಗಕ್ಕೆ ಹೊಡೆಯುತ್ತೇವಲ್ಲ, ಆ ಬೋರ್ಡೋ. ನನ್ನ ಜೀವಮಾನದ ವಿದ್ಯೆ ಅಡಿಕೆ ಮರದ ತುದಿಗೆ ಹೋಯಿತು.

ಇನ್ನೊಂದು ತಮಾಷೆ. ಬೊಂಬಾಯಿಯಿಂದ ನಿನ್ನ ದೊಡ್ಡಪ್ಪ ಬಂದಿದ್ದರು. "ನಾನು ದೊಡ್ಡ ದೊಡ್ಡ ಹೋಟೆಲಿನಲ್ಲಿ ಕುಡಿದವ, ನಿನ್ನಲ್ಲಿ ಎಂತ ಉಂಟು ತೆಗೆ" ಎಂದರು. ಬ್ಯಾಪ್ಟಿಸ್ಟನ ಹೆಂಡತಿ ಬೆನೆಡಿಕ್ಟಾ ಕ್ರಿಸ್ಮಸಿಗೆಂದು ಭರಣಿಯಲ್ಲಿ ಗೋಧಿ, ಸಕ್ಕರೆ ಹಾಕಿ ಮಾಡಿದ ದ್ರಾಕ್ಷಿ ವೈನನ್ನು ನನ್ನ ಖಾಲಿ ಫ್ರೆಂಚ್ ಬಾಟಲಿಗೆ ತುಂಬಿಸಿ ಕೊಟ್ಟೆ. ಕಣ್ಣು ಮುಚ್ಚಿ, "ಆಹಾ, ಫ್ರಾನ್ಸ್, ಫ್ರಾನ್ಸ್" ಎಂದರು. ಬೆನೆಡಿಕ್ಟಾ ನಕ್ಕದ್ದು ಬಸ್ ಸ್ಟ್ಯಾಂಡಿನವರೆಗೆ ಕೇಳಿತು. ಅಂದಿನಿಂದ ದೊಡ್ಡಪ್ಪನಿಗೆ ನನ್ನ ಮೇಲೆ ವಿಪರೀತ ಪ್ರೀತಿ.

ಮದುವೆಯ ದಿನ ಧಾರೆ ಎರೆದು ಬಂದು ಈ ಬಾಟಲಿ ತೆಗೆಯುವವ ನಾನೇ. ನೀನೂ ನಿನ್ನ ಮೇಷ್ಟ್ರೂ ಒಂದೊಂದು ಗುಟುಕು, ಹೆಚ್ಚು ಬೇಡ.

ನಿನ್ನ ತಮ್ಮಲೆ
ಭೋಜ

ಮರೆತಿದ್ದೆ: ದೇವದಾಸನಿಗೆ ವೈನ್ ಮೂಸಲು ಬರುತ್ತದಾ? ಬಾರದಿದ್ದರೂ ಚಿಂತೆ ಇಲ್ಲ, ಮೂಗು ಇದ್ದರೆ ಸಾಕು, ಉಳಿದದ್ದು ನಾನು ಕಲಿಸುತ್ತೇನೆ.

*

ಬೆಳ್ಮಣ್
೬–೮–೧೯೮೩

ಚಿ. ವಿನೋದಾ,

ಆಶೀರ್ವಾದ. ಈ ಸಲ ತಡ ಮಾಡದೆ ಬರೆಯುತ್ತಿದ್ದೇನೆ, ಏಕೆಂದರೆ ನಿನಗೆ ಸುದ್ದಿ ಬೇರೆಯವರ ಬಾಯಿಯಿಂದ ಬರುವ ಮೊದಲು ನನ್ನ ಕೈಯಿಂದ ಬರಲಿ. ಬಂದಾಗಿದ್ದರೆ ಇದನ್ನು ಎರಡನೆಯ ಸಾಕ್ಷಿ ಎಂದು ಇಟ್ಟುಕೋ.

ಸಂಬಂಧ ಗಟ್ಟಿಯಾಯಿತಲ್ಲ, ಕಾಪುವಿನವರಿಗೆ ನಮ್ಮ ಕಡೆಯಿಂದ ಏನಾದರೂ ಹೋಗಬೇಡವಾ ಎಂದು ಯೋಚಿಸಿದೆ. ಹಣ್ಣು, ಹಲ್ವ ಎಲ್ಲರೂ ಕೊಡುತ್ತಾರೆ. ಪೋರ್ಚುಗಲ್ಲಿನ ಸಿಹಿ ಪೋರ್ಟ್ ಒಂದಿತ್ತು, ಹೆಂಗಸರಿಗೂ ಹಿಡಿಸುವಂಥದ್ದು, ಕೆಮ್ಮಿಗೂ ಒಳ್ಳೆಯದು. ಒಡೆಯದಿರಲೆಂದು ಬೈಹುಲ್ಲು ಸುತ್ತಿದೆ, ಚಂದ ಕಾಣಲೆಂದು ಮೇಲೆ ಕೆಂಪು ಪಟ್ಟೆವಸ್ತ್ರ ಕಟ್ಟಿದೆ. ಬ್ಯಾಪ್ಟಿಸ್ಟ್ ಉಡುಪಿಗೆ ಹೋಗುವವನಿದ್ದ, ಅವನ ಕೈಯಲ್ಲಿ ಕೊಟ್ಟು ಕಳಿಸಿದೆ. ಅಲ್ಲಿ ನಡೆದದ್ದನ್ನು ಅವನು ಹೇಳಿದ ಹಾಗೆಯೇ ಬರೆಯುತ್ತೇನೆ.

ದೇವದಾಸನ ತಾಯಿ ಸುಗಂಧಿಯಮ್ಮ ಬಾಗಿಲಿಗೆ ಬಂದರಂತೆ. "ಇದು ಎಂತ, ಬ್ಯಾಪ್ಟಿಸ್ಟರೇ?"

"ವೈನ್ ಅಮ್ಮ. ಭೋಜಣ್ಣ ಕಳಿಸಿದ್ದು."

"ಯಾರಿಗೆ?"

"ಮನೆಯವರಿಗೆ."

"ಆಟಿಯಲ್ಲಿ ಬಾಟಲಿ ಕುಡಿಯುವವರು ನಮ್ಮ ಮನೆಯಲ್ಲಿ ಜೀವಂತ ಯಾರೂ ಇಲ್ಲ. ಹೊಸ್ತಿಲು ದಾಟಿಸಬೇಡಿ. ಹಾಗೆಯೇ ಹಿಂದೆ ತೆಗೆದುಕೊಂಡು ಹೋಗಿ."

ಬ್ಯಾಪ್ಟಿಸ್ಟನಿಗೆ ಅರ್ಥವಾಗಲಿಲ್ಲ, ಅವರಲ್ಲಿ ಆಟಿ ಇಲ್ಲವಲ್ಲ. ಅವನು ಬಂದು ಹೇಳಿದಾಗಲೇ ನನ್ನ ತಲೆಗೆ ಬಡಿದ ಹಾಗಾಯಿತು. ಆಟಿ! ಒಳ್ಳೆಯ ಕೆಲಸ ಯಾವುದನ್ನೂ ಮಾಡದ ತಿಂಗಳು. ಸತ್ತವರಿಗೆ, ನಮ್ಮ ಕುಲೆಗಳಿಗೆ, ಎಲೆ ಹಾಕಿ, ಅವರು ಬದುಕಿದ್ದಾಗ ಆಸೆಪಟ್ಟದ್ದನ್ನೆಲ್ಲ ಬಡಿಸಿ, ಪಕ್ಕದಲ್ಲಿ ಬಾಟಲಿ ಇಟ್ಟು, ಹೆಸರು ಹಿಡಿದು ಕರೆದು ಬಾಗಿಲು ಮುಚ್ಚುವ ತಿಂಗಳು. ಆ ತಿಂಗಳಲ್ಲಿ ಒಂದು ಮನೆಗೆ ಬಾಟಲಿ ಬಂತೆಂದರೆ ಅದು ಸತ್ತವರ ಪಾಲು. ಅದೂ ಕುಲೆಗೆಂದೇ ಸಿಂಗರಿಸಿದ ಹಾಗೆ ಹುಲ್ಲು ಸುತ್ತಿ, ಕೆಂಪು ಬಟ್ಟೆ ಕಟ್ಟಿ! ಮದುವೆಯ ಮನೆಗೆ ನಾನು ಕುಲೆಯ ಎಲೆ ಕಳಿಸಿದ ಹಾಗಾಯಿತು.

ಹಡಗಿನಲ್ಲಿ ಆಟಿ ಯಾರು ಹೇಳುತ್ತಾರೆ, ಮಗಾ? ಸಮುದ್ರಕ್ಕೆ ಆಟಿ ಉಂಟಾ, ಅದರ ಮುಂದಿನ ಸೋಣ ಉಂಟಾ? ಕಣ್ಣು ಮುಚ್ಚಿ ಒಂದು ಗುಟುಕು ಬಾಯಲ್ಲಿ ಇಟ್ಟು ಯಾವ ವರ್ಷದ ಬೆಳೆ ಎಂದು ಹೇಳುವ ಗಂಡಸು ನಾನು. ವರ್ಷ ಹೇಳಲು ಬರುತ್ತದೆ, ತಿಂಗಳು ತಪ್ಪಿತು. ಊರಿನಲ್ಲಿ ಇದ್ದವರಿಗೆ ಇಷ್ಟು ಸಾಕು, "ಬಾಟ್ಲಿ ಭೋಜ" ಎಂದು ಹೆಸರಿಟ್ಟು ಮೊದಲೇ ತಯಾರಾಗಿ ಕೂತವರು. ಊಟದ ಮೇಲೆ ಒಂದು ಸಣ್ಣ ಗ್ಲಾಸು ಕುಡಿಯುವವ ನಾನು. ಕಳ್ಳಿನಂಗಡಿಯಿಂದ ತೋಡು ಅಳೆಯುತ್ತಾ ಮನೆಗೆ ಹೋಗುವವರೆಲ್ಲ ಈಗ ನನ್ನನ್ನು ನೋಡಿ "ಛೆ ಛೆ" ಎನ್ನುತ್ತಾರೆ.

ಗುಣವತಿ ಬಂದು ಅತ್ತಳು. "ಅಣ್ಣಾ, ಸುಗಂಧಿಯಮ್ಮ ಒಂದೇ ಮಾತು ಹೇಳಿದ್ದಾರೆ. ಕುಲೆಗಳ ಪಾಲು ಕಳಿಸಿದ ಕೈಯಿಂದ ಧಾರೆ ಬೇಡ ಅಂತೆ" ಎಂದಳು. "ನೀನು ಎಂತ ಹೇಳಿದೆ?" ಎಂದು ಕೇಳಿದೆ. "ನಾನೆಂತ ಹೇಳುವುದು, ಹುಡುಗಿಯ ತಾಯಿ" ಎಂದಳು. ಅವಳನ್ನು ದೂರುವುದಿಲ್ಲ.

ಆದರೆ ನೀನು ಹೇಳಬಹುದು. ನೀನು ಓದಿದವಳು, ಸಂಬಳ ತರುವವಳು, ದೇವದಾಸನೂ ನಿನ್ನ ಮಾತು ಕೇಳುವವ. "ನನ್ನ ತಮ್ಮಲೆಗೆ ತಿಂಗಳು ತಪ್ಪಿತು, ಮನಸ್ಸು ತಪ್ಪಲಿಲ್ಲ" ಎಂದು ಒಂದು ಮಾತು ನಿನ್ನ ಬಾಯಿಯಿಂದ ಅಲ್ಲಿ ಬಿದ್ದರೆ ಸಾಕು. ಬೇಕಾದರೆ ನಾನು ಕಾಪುವಿಗೆ ಹೋಗಿ ಸುಗಂಧಿಯಮ್ಮನ ಎದುರು ಕಿವಿ ಹಿಡಿದು ನಿಲ್ಲುತ್ತೇನೆ. ನನ್ನಂಥವನು ಕಿವಿ ಹಿಡಿಯುವುದನ್ನು ನೋಡಲು ಬಸ್ಸು ಮಾಡಿಕೊಂಡು ಜನ ಬರುತ್ತಾರೆ.

ಎರಡು ಸಾಲು ಬರೆ. ಒಂದು ಸಾಲಾದರೂ ಆದೀತು.

ನಿನ್ನ ತಮ್ಮಲೆ
ಭೋಜ

ಮತ್ತೊಂದು: ಹಿಂದೆ ಬಂದ ಪೋರ್ಟನ್ನು ನಾನು ಮುಟ್ಟಲಿಲ್ಲ. ಬೆನೆಡಿಕ್ಟಾಳಿಗೆ ಕೊಟ್ಟೆ. ಅವಳು ಅದನ್ನು ಕೇಕಿಗೆ ಹಾಕುತ್ತಾಳಂತೆ. ಪೋರ್ಚುಗಲ್ಲಿನವರು ಕೇಳಿದರೆ ಯುದ್ಧಕ್ಕೆ ಬರುತ್ತಾರೆ.

*

ಬೆಳ್ಮಣ್
೨೦–೧೨–೧೯೮೩

ಚಿ. ಸೌ. ವಿನೋದಾಳಿಗೆ,

ಹೊಸ ಮನೆಗೆ ಹೋದ ನಿನಗೆ ಹಳೆಯ ಮನೆಯವನ ಆಶೀರ್ವಾದ. ಮದುವೆಯಾಗಿ ಇಷ್ಟು ದಿನವಾದ ಮೇಲೆ ಬರೆಯುತ್ತಿದ್ದೇನೆ, ಮನ್ನಿಸು. ಕೈ ನಡುಗುತ್ತದೆಂದು ಅಲ್ಲ. ನನ್ನ ಕೈ ನಡುಗುವುದಿಲ್ಲ, ಬಿರುಗಾಳಿಯಲ್ಲಿಯೂ ಮೇಜುಬಟ್ಟೆಯ ಮೇಲೆ ತೊಟ್ಟು ಚೆಲ್ಲದೆ ಬಡಿಸಿದ ಕೈ. ಎಂತ ಬರೆಯುವುದೆಂದು ತೋಚಲಿಲ್ಲ, ಅಷ್ಟೇ.

ನಿನ್ನಿಂದ ಆ ಒಂದು ಸಾಲು ಬರಲಿಲ್ಲ. ಬ್ಯಾಂಕಿನಲ್ಲಿ ಕೆಲಸ ಹೆಚ್ಚಿರಬೇಕು. ಅಂಚೆಯವನು ಸೈಕಲು ತಿರುಗಿಸಿದಾಗಲೆಲ್ಲ ನಾನು ಅಡಿಕೆ ಸುಲಿಯುವುದನ್ನು ಬಿಟ್ಟು ಎದ್ದು ನಿಲ್ಲುತ್ತಿದ್ದೆ. ಅವನೇ ಕೊನೆಗೆ, "ಭೋಜಣ್ಣಾ, ನೀವು ನಿಂತರೆ ನನಗೆ ನಾಚಿಕೆಯಾಗುತ್ತದೆ, ಬಂದರೆ ಗಂಟೆ ಬಾರಿಸುತ್ತೇನೆ, ನೀವು ಕೂತಿರಿ" ಎಂದ. ಗಂಟೆ ಬಾರಿಸಿದ್ದು ಮದುವೆಯ ಕಾಗದ ಬಂದಾಗ. ಮಣಿಪಾಲದಲ್ಲಿ ಅಚ್ಚಾದದ್ದು, ಚಿನ್ನದ ಅಕ್ಷರ, ಕೆಳಗೆ ಆಹ್ವಾನಿಸುವವರಲ್ಲಿ ದೊಡ್ಡಪ್ಪನ ಹೆಸರು. ನನ್ನದು ಇರಲಿಲ್ಲ. ಅಚ್ಚಿನವರ ತಪ್ಪಿರಬೇಕು ಎಂದು ಬ್ಯಾಪ್ಟಿಸ್ಟ್ ಹೇಳಿದ. ಅವನು ಒಳ್ಳೆಯವನು, ಸುಳ್ಳು ಹೇಳಲು ಬರುವುದಿಲ್ಲ.

ಮದುವೆಯ ದಿನ ನನಗೆ ಜ್ವರ. ಹಾಗಾಗಿ ಕಾರ್ಕಳಕ್ಕೆ ಬರಲಾಗಲಿಲ್ಲ. ನೀನು ಕಾದಿರಬಹುದು, ಬೇಸರ ಮಾಡಬೇಡ.

ಎಲ್ಲವನ್ನೂ ಜನ ಬಂದು ಹೇಳಿದರು. ಮಂಟಪ ಚಂದವಿತ್ತಂತೆ, ಮಲ್ಲಿಗೆಯ ವಾಸನೆ ರಸ್ತೆಯವರೆಗೆ ಇತ್ತಂತೆ. ಧಾರೆಯನ್ನು ದೊಡ್ಡಪ್ಪ ಎರೆದರಂತೆ. ಭರಣಿಯ ಗೋಧಿ ವೈನ್ ಕುಡಿದು "ಫ್ರಾನ್ಸ್, ಫ್ರಾನ್ಸ್" ಎಂದವರು! ಗಿಂಡಿಯ ನೀರು ಅರ್ಧ ನಿಮ್ಮ ಕೈಗೆ, ಅರ್ಧ ಪುರೋಹಿತರ ಮಡಿಲಿಗೆ ಹೋಯಿತಂತೆ. ನಾನಾದರೆ ಒಂದೇ ಎಳೆಯಲ್ಲಿ ಇಳಿಸುತ್ತಿದ್ದೆ. ಬಾಟಲಿಯ ಕತ್ತನ್ನು ಕೊನೆಗೆ ಸ್ವಲ್ಪ ತಿರುಗಿಸಿ ಎತ್ತಿದರೆ ತೊಟ್ಟಿಕ್ಕುವುದಿಲ್ಲ, ಗಿಂಡಿಗೂ ಅದೇ ವಿದ್ಯೆ. ಎರೆಯಲು ನನ್ನಷ್ಟು ಕಲಿತವರು ಈ ತಾಲೂಕಿನಲ್ಲಿ ಯಾರಿದ್ದಾರೆ ಹೇಳು. ಲಾರ್ಡುಗಳಿಗೆ ಎರೆದೆ, ಬಿಷಪ್ಪರಿಗೆ ಎರೆದೆ, ಸಿನಿಮಾದವರಿಗೆ ಎರೆದೆ. ಒಬ್ಬಳಿಗೆ ನೀರು ಎರೆಯಲು ಮಾತ್ರ ಅರ್ಹತೆ ಸಾಲಲಿಲ್ಲ.

ಇರಲಿ. ಬರೆಯುತ್ತಾ ಬರೆಯುತ್ತಾ ಹುಳಿಯಾಗುತ್ತಿದ್ದೇನೆ, ಗಾಳಿ ನುಗ್ಗಿದ ಬಾಟಲಿಯ ಹಾಗೆ.

ಸುರಂಗದ ಸುದ್ದಿ ಹೇಳುತ್ತೇನೆ. ಈಗ ಹೆಚ್ಚು ಬಾಟಲಿ ಉಳಿದಿಲ್ಲ. ಇಟಲಿಯದ್ದೊಂದು ಬಿರಡೆ ಸೋರಿ ಹೋಯಿತು. ಜರ್ಮನಿಯ ಬಿಳಿಯದ್ದನ್ನು ಬ್ಯಾಪ್ಟಿಸ್ಟನ ಮಗಳು ಮೇಬಲ್‌ನ ಮದುವೆಗೆ ಕೊಟ್ಟೆ. ಅವರು ನನ್ನನ್ನು ಮೇಲಿನ ಸಾಲಿನಲ್ಲಿ ಕೂರಿಸಿದರು, ನನ್ನ ಕೈಯಿಂದಲೇ ಬಾಟಲಿ ತೆಗೆಸಿದರು, ಬೆನೆಡಿಕ್ಟಾ ಎಲ್ಲರೆದುರು, "ಇವರು ನಮ್ಮ ಭೋಜಣ್ಣ, ಇವರ ಮೂಗಿಗೆ ಪಾಸ್‌ಪೋರ್ಟು ಉಂಟು" ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ನಕ್ಕೆ. ಮನೆಗೆ ಬಂದು ಊಟ ಸೇರಲಿಲ್ಲ.

ಹೊಸದಾಗಿ ಕೊಳ್ಳುವುದನ್ನು ನಿಲ್ಲಿಸಿದ್ದೇನೆ. ಇಡುವವನಿಗೆ ಯಾರಿಗಾಗಿ ಇಡುವುದು ಎಂದು ಗೊತ್ತಿರಬೇಕು. ರೊಸಾರಿಯೊ ಒಮ್ಮೆ ಹೇಳಿದ್ದ, ವೈನ್ ಇಡುವುದೆಂದರೆ ಬದುಕಿರುತ್ತೇನೆ ಎಂದು ಮಾತು ಕೊಟ್ಟ ಹಾಗೆ ಅಂತ. ನಾನಂತೂ ಮಾತು ಉಳಿಸಿಕೊಂಡೆ.

ನೀನೂ ದೇವದಾಸನೂ ಚೆನ್ನಾಗಿರಿ. ಸುಗಂಧಿಯಮ್ಮನ ಮಾತು ಮೀರಬೇಡ, ಅವರು ಹೇಳಿದ್ದರಲ್ಲಿ ಶಾಸ್ತ್ರ ತಪ್ಪಲಿಲ್ಲ. ಹೊಟ್ಟೆ ತಂಪಾಗಿ, ಮನೆ ತುಂಬಿ, ನಿಮ್ಮ ಮಾತು ಬೆಳಿಗ್ಗೆ ಇದ್ದ ಹಾಗೆ ಸಂಜೆಗೂ ಸಿಹಿಯಾಗಿರಲಿ. ಇದಕ್ಕಿಂತ ದೊಡ್ಡ ಆಶೀರ್ವಾದ ನನಗೆ ಬರುವುದಿಲ್ಲ.

ನಿನ್ನ ತಮ್ಮಲೆ
ಭೋಜ

ತಾ.ಕ. ಕಾಗದ ಮಡಚಿದವ ಮತ್ತೆ ಬಿಡಿಸಿದ್ದೇನೆ. ನನಗೆ ಜ್ವರ ಇರಲಿಲ್ಲ.

ನಾನು ಬಂದಿದ್ದೆ. ಅರವತ್ತೊಂದರ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ, ಬಸ್ಸಿನಲ್ಲಿ ಮಡಿಲಲ್ಲಿ ಅಡ್ಡ ಮಲಗಿಸಿಕೊಂಡು ಬಂದೆ. ಮಗು ನಿದ್ದೆ ಹೋಗಿದೆ ಎಂದು ತಿಳಿದು ಕಂಡಕ್ಟರ್ ಮೆಲ್ಲಗೆ ಸೀಟಿ ಊದಿದ. ಧಾರೆ ಬೇಡ, ಎದುರು ಕೂರುವುದೂ ಬೇಡ, ಊಟದ ಹೊತ್ತಿಗೆ ನಿನ್ನ ಕೈಗೆ ಕೊಟ್ಟು ಹೊರಡುವುದೆಂದು ನೆನೆದಿದ್ದೆ. ಕೈತೊಳೆಯುವ ನಲ್ಲಿಯ ಪಕ್ಕ, ಕಂಬದ ಹಿಂದೆ ನಿಂತಿದ್ದೆ. ನೀವಿಬ್ಬರೂ ಪಂಕ್ತಿಯಲ್ಲಿ ನೆಂಟರನ್ನು ಮಾತನಾಡಿಸುತ್ತಾ ಬಂದಿರಿ. ಕೊನೆಯ ಎಲೆಯಲ್ಲಿ ಕಾಪುವಿನ ಒಬ್ಬ ಅಜ್ಜಿ ಕೂತಿದ್ದರು.

"ನಿನ್ನ ತಮ್ಮಲೆ ಹಡಗಿನಲ್ಲಿ ಇದ್ದವರಲ್ಲವಾ ಮಗಾ, ಅವರೆಲ್ಲಿ, ಕಾಣಲಿಲ್ಲ?" ಎಂದು ಅವರು ಕೇಳಿದರು.

ನೀನು ಹೇಳಿದೆ: "ಅವರು ಇಲ್ಲ."

"ಅಯ್ಯೋ ದೇವರೇ! ಯಾವಾಗ?"

"ಆಟಿಯಿಂದ ಇಲ್ಲ. ನೀವು ಊಟ ಮಾಡಿ ಅಜ್ಜಿ, ಪಾಯಸ ತಣಿಯುತ್ತದೆ."

ಅಜ್ಜಿ ಎಡಗೈಯಿಂದ ಕಣ್ಣು ಒರೆಸಿಕೊಂಡರು. ನನ್ನನ್ನು ನೋಡಿಯೇ ಇಲ್ಲದವರು ನನಗಾಗಿ ಅತ್ತರು. ನೀನು ಮುಂದಕ್ಕೆ ತಿರುಗಿದೆ, ಕಂಬದ ಬಳಿ ನಿನ್ನ ಕಣ್ಣು ನನ್ನ ಮೇಲೆ ಬಿತ್ತು. ಬಿದ್ದದ್ದು ನಿಲ್ಲಲಿಲ್ಲ.

ನೀನು ಸುಳ್ಳು ಹೇಳಿದೆ ಎಂದು ನಾನು ಹೇಳುವುದಿಲ್ಲ. ನೀನು ತುಳುವಿನಲ್ಲಿ "ಇಜ್ಜೆರ್" ಎಂದೆ, ನಾನು ಇಲ್ಲಿ ಕನ್ನಡದಲ್ಲಿ "ಇಲ್ಲ" ಎಂದು ಬರೆದೆ, ಎರಡೂ ಭಾಷೆಯಲ್ಲಿ ಅದಕ್ಕೆ ಎರಡು ಅರ್ಥ. ಇಲ್ಲಿ ಇಲ್ಲ ಎಂದೂ ಆಗುತ್ತದೆ, ಎಲ್ಲಿಯೂ ಇಲ್ಲ ಎಂದೂ ಆಗುತ್ತದೆ. ಯಾವ ಅರ್ಥದಲ್ಲಿ ಹೇಳಿದೆ ಎಂದು ನಾನು ಕೇಳುವುದಿಲ್ಲ. ಅಜ್ಜಿಗೆ ತಿಳಿದ ಅರ್ಥವನ್ನು ನೀನು ತಿದ್ದಲಿಲ್ಲ, ನನಗೆ ಅಷ್ಟು ಸಾಕು.

ಹಾಗಾದ ಮೇಲೆ ಶಾಸ್ತ್ರ ಸರಿಯಾಗಿ ಆಗಲಿ. ಅವತ್ತು ಹಾಗೆಯೇ ತಿರುಗಿ ತಂದ ಬಾಟಲಿಯನ್ನು ಬ್ಯಾಪ್ಟಿಸ್ಟನ ಕೈಯಲ್ಲಿ ಕಾರ್ಕಳಕ್ಕೆ, ಗುಣವತಿಯ ಮನೆಗೆ ಕಳಿಸುತ್ತಿದ್ದೇನೆ. ಕಾಪುವಿಗೆ ಅಲ್ಲ, ಹೆದರಬೇಡ. ಮದುವೆಯಾದ ಮೊದಲ ಆಟಿಗೆ ಹೆಣ್ಣುಮಕ್ಕಳು ತಾಯಿಯ ಮನೆಗೆ ಬಂದು ಕೂರುವುದು ನಮ್ಮ ಪದ್ಧತಿ, ನೀನೂ ಬರುತ್ತೀ. ಅಲ್ಲಿಯವರೆಗೆ ಅದನ್ನು ಮಲಗಿಸಿಯೇ ಇಡಲು ಅಮ್ಮನಿಗೆ ಹೇಳು. ಕುಲೆಗಳಿಗೆ ಬಡಿಸುವ ದಿನ ನಿನ್ನ ಅಪ್ಪನ ಎಲೆಯ ಪಕ್ಕ ನನಗೂ ಒಂದು ಎಲೆ ಹಾಕು. ಬಿರಡೆಯನ್ನು ಸ್ವಲ್ಪ ಮೊದಲೇ ತೆಗೆದಿಡು, ಇಷ್ಟು ವರ್ಷ ಮುಚ್ಚಿಕೊಂಡೇ ಇದ್ದದ್ದಕ್ಕೆ ಉಸಿರಾಡಲು ಹೊತ್ತು ಬೇಕು. ಗ್ಲಾಸಿಗೆ ಅರ್ಧ ಎರೆ, ತುಂಬಿಸಬೇಡ, ಎರೆದು ಮುಗಿಸುವಾಗ ಕತ್ತು ಸ್ವಲ್ಪ ತಿರುಗಿಸು.

ಬಾಗಿಲು ಮುಚ್ಚುವ ಮೊದಲು ಒಮ್ಮೆ "ತಮ್ಮಲೆ" ಎಂದು ಕರೆ. ಕರೆಯದೆ ಹೋದರೆ ಸತ್ತವರೂ ಬರುವುದಿಲ್ಲ.